ಏಳು ಕಂತು, ಒಂದು ಐಸ್ ಪ್ಯಾಕ್

ಅಮ್ಮನ ಬಲ ಮಂಡಿ ಆಪರೇಷನ್ ಆಗಿ ಹನ್ನೆರಡನೇ ದಿನ ಇರಬೇಕು. ಬೆಳಿಗ್ಗೆ ಫಿಸಿಯೋಥೆರಪಿ ಹುಡುಗಿ ಬಂದು, "ಇನ್ನು ಸ್ವಲ್ಪ ಅಜ್ಜಿ, ಇನ್ನೊಂದೇ ಒಂದು ಚೂರು" ಅಂತ ಕಾಲು ಮಡಚಿಸಿ ಹೋಗುತ್ತಿದ್ದಳು. ಸಂಜೆ ಐಸ್ ಪ್ಯಾಕ್ ಇಟ್ಟುಕೊಂಡು ಸೋಫಾದ ಮೇಲೆ ಕಾಲು ಚಾಚಿ ಕೂತರೆ ಅಮ್ಮನಿಗೆ ಟೀವಿಯೇ ಗತಿ. ಅರಸೀಕೆರೆಯ ಮನೆಯಲ್ಲಿ ಒಂದು ದಿನವೂ ತಪ್ಪಿಸದೆ ನೋಡುತ್ತಿದ್ದ ಧಾರಾವಾಹಿಗಳು ಬೆಂಗಳೂರಿಗೆ ಬಂದಮೇಲೆ ಯಾಕೋ ಬೇಸರ ಬಂದವು. "ಅತ್ತೆ ಹಾಲಿಗೆ ವಿಷ ಹಾಕಿ ಮೂರು ವಾರ ಆಯ್ತು, ಇನ್ನೂ ಲೋಟ ಕೈಲೇ ಹಿಡ್ಕೊಂಡು ನಿಂತಿದಾಳೆ. ನೀನೇನು ನೋಡ್ತೀಯೋ ಅದನ್ನೇ ಹಾಕು" ಅಂದಳು.

ನಾನು ಆಗ ನೋಡುತ್ತಿದ್ದದ್ದು ನೆಟ್‌ಫ್ಲಿಕ್ಸ್‌ನ 'ದಿ ಕೀಪರ್ಸ್'. 2017ರಲ್ಲಿ ಬಂದ ಏಳು ಕಂತಿನ ಸಾಕ್ಷ್ಯಚಿತ್ರ. ಅಮೆರಿಕದ ಬಾಲ್ಟಿಮೋರಿನ ಒಂದು ಹೆಣ್ಣುಮಕ್ಕಳ ಕ್ಯಾಥೊಲಿಕ್ ಶಾಲೆಯಲ್ಲಿ ನಡೆದದ್ದನ್ನು, ಅಲ್ಲಿ ಓದಿದ ಹುಡುಗಿಯರು ಅರವತ್ತು ದಾಟಿದ ಮೇಲೆ ಬಾಯಿಬಿಟ್ಟು ಹೇಳಿದ್ದು. ಒಂದು ಕಂತು ಮುಗಿಸಿದ್ದೆ. ಇದನ್ನು ಅಮ್ಮನ ಪಕ್ಕ ಕೂತು ನೋಡುವುದೇ ಅಂತ ಹಿಂದೆಮುಂದೆ ನೋಡಿದೆ. ನಮ್ಮ ಮನೆಯಲ್ಲಿ ಟೀವಿಯಲ್ಲಿ ಯಾರಾದರೂ ಸ್ವಲ್ಪ ಹತ್ತಿರ ಬಂದರೆ ಇವತ್ತಿಗೂ ಒಬ್ಬರು ನೀರು ಕುಡಿಯಲು ಎದ್ದು ಹೋಗುತ್ತೇವೆ. ಕೊನೆಗೆ, "ಒಬ್ಬ ಸಿಸ್ಟರ್ ಕೊಲೆ ಆಗತ್ತೆ, ಅದರ ಪತ್ತೆದಾರಿ" ಅಂದೆ. ಸುಳ್ಳೇನಲ್ಲ. ಅಮ್ಮನಿಗೆ ಕೊಲೆ ಕಥೆ ಅಂದರೆ ಇಷ್ಟ. ಮೊದಲನೇ ಕಂತನ್ನು ಅವಳಿಗಾಗಿ ಇನ್ನೊಮ್ಮೆ ಹಾಕಿದೆ. ಅಮ್ಮ ಓದಿದ್ದು ಏಳನೇ ಕ್ಲಾಸು, ಇಂಗ್ಲಿಷ್ ಬೋರ್ಡು ಓದುವಷ್ಟು ಬರುತ್ತದೆ. ಹಾಗಾಗಿ ರಿಮೋಟ್ ನನ್ನ ಕೈಲಿ, ಎರಡು ಮಾತಿಗೊಮ್ಮೆ ನಿಲ್ಲಿಸಿ ಕನ್ನಡದಲ್ಲಿ ಹೇಳುವ ಕೆಲಸವೂ ನನ್ನದೇ.

ಮೊದಲ ಕಂತು ಸಲೀಸಾಗಿ ಹೋಯಿತು. ಸಿಸ್ಟರ್ ಕ್ಯಾಥಿ ಸೆಸ್ನಿಕ್, ಇಪ್ಪತ್ತಾರು ವರ್ಷ, ಇಂಗ್ಲಿಷ್ ಟೀಚರು. 1969ರ ನವೆಂಬರ್ 7ರ ಸಂಜೆ ಸಂಬಳದ ಚೆಕ್ಕು ನಗದು ಮಾಡಿಸಿಕೊಂಡು, ತಂಗಿಯ ನಿಶ್ಚಿತಾರ್ಥಕ್ಕೆ ಏನಾದರೂ ಉಡುಗೊರೆ ತರುತ್ತೇನೆ ಅಂತ ಹೋದವಳು ವಾಪಸು ಬರಲಿಲ್ಲ. ಅವಳ ಕಾರು ಮನೆಯ ಹತ್ತಿರವೇ ಅಡ್ಡಾದಿಡ್ಡಿ ನಿಂತಿತ್ತು. ಹೆಣ ಸಿಕ್ಕಿದ್ದು 1970ರ ಜನವರಿ 3ಕ್ಕೆ, ಊರಾಚೆ ಕಸ ಸುರಿಯುವ ಜಾಗದಲ್ಲಿ. ಕೊಂದವರು ಯಾರು ಅಂತ ಇವತ್ತಿಗೂ ಗೊತ್ತಾಗಿಲ್ಲ. ಅವಳ ಹತ್ತಿರ ಪಾಠ ಕೇಳಿದ ಇಬ್ಬರು, ಜೆಮಾ ಹಾಸ್ಕಿನ್ಸ್ ಮತ್ತು ಆ್ಯಬಿ ಶಾಬ್, ರಿಟೈರಾದ ಮೇಲೆ ಅದರ ಬೆನ್ನು ಹತ್ತಿದ್ದಾರೆ. ಒಬ್ಬಾಕೆ ಎಲ್ಲರ ಮನೆ ಬಾಗಿಲಿಗೂ ಹೋಗಿ ನೇರ ಮುಖಕ್ಕೇ ಕೇಳುವವಳು, ಇನ್ನೊಬ್ಬಾಕೆ ಹಳೇ ಕಾಗದಪತ್ರಗಳಲ್ಲಿ ಮುಖ ಹುದುಗಿಸಿ ಕೂರುವವಳು.

"ನಮ್ಮ ಮಹಿಳಾ ಸಮಾಜದ ಸೆಕ್ರೆಟರಿ, ಖಜಾಂಚಿ ಇದ್ದಹಾಗಿದಾರೆ" ಅಂದಳು ಅಮ್ಮ. ಅವಳಿಗೆ ಇಬ್ಬರೂ ಬಹಳ ಹಿಡಿಸಿದರು.

ಎರಡನೇ ಕಂತು ನೋಡಿದ್ದು ಮಾರನೇ ದಿನ. ಅದರಲ್ಲಿ ಜೀನ್ ವೇನರ್ ಬರುತ್ತಾಳೆ. ಬಹಳ ವರ್ಷ ಕೋರ್ಟಿನ ಕಾಗದದಲ್ಲಿ ಅವಳಿಗೆ ಹೆಸರೇ ಇರಲಿಲ್ಲ, 'ಜೇನ್ ಡೋ' ಅಷ್ಟೆ. ನಮ್ಮಲ್ಲಿ 'ಸಂತ್ರಸ್ತೆ' ಅಂತ ಬರೆಯುತ್ತಾರಲ್ಲ, ಹಾಗೆ. ಕ್ಯಾಮೆರಾದ ಮುಂದೆ ಕೂತು ನಿಧಾನವಾಗಿ, ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಹೇಳುತ್ತಾಳೆ. ನಾನು ನಿಲ್ಲಿಸಿದೆ. ಅಮ್ಮ ಕಾಯುತ್ತಿದ್ದಳು. ಬಾಯಿಗೆ ಮಾತು ಬರಲಿಲ್ಲ.

ನಾಚಿಕೆ ಅಂತಲ್ಲ, ಪದವೇ ಇರಲಿಲ್ಲ. 'ಲೈಂಗಿಕ ದೌರ್ಜನ್ಯ' ಅನ್ನುವುದು ಪೇಪರಿನ ಮಾತು. ಅದನ್ನು ಹಾಲ್‌ನಲ್ಲಿ, ಐಸ್ ಪ್ಯಾಕ್ ಇಟ್ಟುಕೊಂಡು ಕೂತ ಅಮ್ಮನಿಗೆ ಹೇಗೆ ಹೇಳುವುದು? ನ್ಯೂಸ್ ಓದಿದ ಹಾಗಾಗುತ್ತದೆ. 'ಕೆಡಿಸಿದ' ಅನ್ನುವ ಮಾತಿದೆ, ಆದರೆ ಅದರಲ್ಲಿ ಕೆಟ್ಟುಹೋದದ್ದು ಹುಡುಗಿ ಅಂತಾಗುತ್ತದೆ. ದಿನವಿಡೀ ಕನ್ನಡದಲ್ಲೇ ಬೈದು, ನಕ್ಕು, ಲೆಕ್ಕ ಹಾಕುವ ನನಗೆ ಇದೊಂದಕ್ಕೆ ಮನೆಮಾತು ಸಿಗಲಿಲ್ಲ. ಕೊನೆಗೆ ನನ್ನ ಬಾಯಿಂದ ಬಂದದ್ದು, "ಆ ಪಾದ್ರಿ ಸರಿಯಿಲ್ಲಮ್ಮ."

ಅಮ್ಮ, "ಹ್ಞೂಂ" ಅಂದಳು. ಅಷ್ಟರಲ್ಲೇ ಪೂರ್ತಿ ಅರ್ಥವಾಗಿತ್ತು.

ಆ ಮಾತು ಎಲ್ಲಿಂದ ಬಂತು ಅಂತ ನನಗೆ ತಕ್ಷಣ ಹೊಳೆಯಿತು. ಐದರಿಂದ ಏಳನೇ ಕ್ಲಾಸಿನವರೆಗೆ ನಾನು ಒಂದು ಹಾಸ್ಟೆಲಿನಲ್ಲಿದ್ದೆ. ಯಾವ ಊರು, ಯಾರದ್ದು ಅನ್ನುವುದು ಬೇಡ. ಅಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ಮನೆ ತುಂಬ ಜನ, ಹಾಸ್ಟೆಲಿನಲ್ಲಿ ಊಟ-ಪಾಠ ಎರಡೂ ಬಿಟ್ಟಿ. ಅಲ್ಲಿ ಲೆಕ್ಕಪತ್ರ ನೋಡುವ ಒಬ್ಬ ಮೇಷ್ಟ್ರಿದ್ದರು. ಹೋದ ಮೊದಲನೇ ವಾರವೇ ದೊಡ್ಡ ಹುಡುಗಿಯರು ಹೇಳಿಕೊಟ್ಟ ಪಾಠ: "ಆಫೀಸ್ ರೂಮಿನ ಮೇಷ್ಟ್ರು ಸರಿಯಿಲ್ಲ. ಕರೆದರೆ ಒಬ್ಬಳೇ ಹೋಗಬೇಡ. ಹೋಗಲೇಬೇಕಾದರೆ ನೀರು ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ಹೋಗು, ಹತ್ತಿರ ಬಂದರೆ ಚೆಲ್ಲಿಬಿಡು." ನಾವು ಹತ್ತು-ಹನ್ನೊಂದು ವರ್ಷದವರು ಇದನ್ನು ಮಗ್ಗಿಯ ಹಾಗೆ ಕಲಿತೆವು. ಅಡುಗೆಯವರಿಗೆ ಗೊತ್ತಿತ್ತು. ಹೆಡ್ ಮೇಡಂಗೆ ಗೊತ್ತಿರಲಿಲ್ಲ ಅಂತ ನಾನು ನಂಬಲಾರೆ; ಆಫೀಸಿನ ನೆಲ ವಾರಕ್ಕೆ ಮೂರು ಸಲ ಯಾಕೆ ಒದ್ದೆಯಾಗುತ್ತದೆ ಅಂತ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು. ಸರಿಯಿಲ್ಲ.

ನನಗೇನೂ ಆಗಲಿಲ್ಲ. ಇದನ್ನು ಇಲ್ಲೇ ಹೇಳಿಬಿಡುತ್ತೇನೆ.

ಬಾಲ್ಟಿಮೋರಿನ ಆ ಶಾಲೆಯ ಹೆಸರು ಕಿಯೋ ಹೈಸ್ಕೂಲು, ಆ ಪಾದ್ರಿ ಜೋಸೆಫ್ ಮ್ಯಾಸ್ಕೆಲ್. ಶಾಲೆಯ ಆಪ್ತಸಲಹೆಗಾರನೂ ಅವನೇ, ಪೊಲೀಸರಿಗೆ ಧರ್ಮಗುರುವೂ ಅವನೇ. ಹುಡುಗಿ ತನ್ನ ಕಷ್ಟ ಯಾರ ಹತ್ತಿರ ಹೇಳಿಕೊಳ್ಳಬೇಕೋ ಅವರೆಲ್ಲ ಅವನೊಬ್ಬನೇ ಆಗಿದ್ದ. ಅವನು ಆರೋಪಗಳನ್ನು ಕೊನೆವರೆಗೂ ಅಲ್ಲಗಳೆದ, ಒಂದು ಕೇಸಿನಲ್ಲೂ ಶಿಕ್ಷೆಯಾಗಲಿಲ್ಲ. ಜೀನ್ ಹೇಳುವ ಪ್ರಕಾರ ಶುರುವಾದದ್ದು ಪಾಪನಿವೇದನೆಯಲ್ಲಿ. ಚಿಕ್ಕವಳಿದ್ದಾಗ ನೆಂಟನೊಬ್ಬ ತನಗೆ ಮಾಡಿದ್ದನ್ನು, ಅದು ತನ್ನದೇ ಪಾಪ ಅಂತ ತಿಳಿದು, ಇನ್ನೊಬ್ಬ ಪಾದ್ರಿಯ ಹತ್ತಿರ ಹೇಳಿಕೊಂಡಿದ್ದಳು. ಆ ಪಾಪ ಕಳೆಯಬೇಕಲ್ಲ ಅಂತ ಹೇಳಿ ಹೇಳಿಯೇ ಅವಳನ್ನು ಕೋಣೆಗೆ ಕರೆಸಿಕೊಂಡರು.

ಪಾಪನಿವೇದನೆ ಅಂದರೆ ಏನು ಅಂತ ಅಮ್ಮ ಕೇಳಿದಳು. "ಮಾಡಿದ ತಪ್ಪನ್ನ ಪಾದ್ರಿ ಹತ್ರ ಒಪ್ಪಿಕೊಳ್ಳೋದು, ಅವರು ದೇವರ ಪರವಾಗಿ ಕ್ಷಮಿಸಿ ಏನಾದರೂ ಪ್ರಾರ್ಥನೆ ಮಾಡು ಅಂತಾರೆ."

"ತಪ್ಪುಕಾಣಿಕೆ ಇದ್ದಹಾಗೆ."

"ಹಾಗೇ ಅನ್ಕೋ."

ಸ್ವಲ್ಪ ಹೊತ್ತು ಸುಮ್ಮನಿದ್ದು, "ಕದ್ದವನು ಬೇರೆಯವನು, ತಪ್ಪುಕಾಣಿಕೆ ಈ ಮಗು ಕೈಲಿ ಹಾಕಿಸ್ಕೊಂಡ್ರಲ್ಲ" ಅಂದಳು. ಆ ಸರಣಿಯ ಬಗ್ಗೆ ಇಂಗ್ಲಿಷಿನಲ್ಲಿ ಎಷ್ಟೋ ಓದಿದ್ದೇನೆ. ಇಷ್ಟು ಸರಿಯಾಗಿ ಯಾರೂ ಹೇಳಿದ್ದು ಕಾಣೆ.

ಕ್ಯಾಥಿ ಇದರೊಳಗೆ ಬರುವುದು ಒಂದೇ ಒಂದು ಪ್ರಶ್ನೆಯಿಂದ. 1969ರಲ್ಲಿ, ಬೇಸಿಗೆ ರಜೆಗೆ ಮುಂಚೆ, ಜೀನ್‌ಳನ್ನು ಒಂಟಿಯಾಗಿ ಕೂರಿಸಿಕೊಂಡು, ಆ ಪಾದ್ರಿಗಳು ನಿನ್ನನ್ನು ನೋಯಿಸುತ್ತಿದ್ದಾರಾ ಅಂತ ಕೇಳುತ್ತಾಳೆ. ಹುಡುಗಿ ತಲೆಯಾಡಿಸುತ್ತಾಳೆ. ನೀನು ಮನೆಗೆ ಹೋಗು, ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾಳೆ ಕ್ಯಾಥಿ. ಆಮೇಲೆ ಕ್ಯಾಥಿ ಆ ಶಾಲೆ ಬಿಟ್ಟು ಸರ್ಕಾರಿ ಶಾಲೆಗೆ ಹೋದಳು, ನವೆಂಬರಿನಲ್ಲಿ ಕಾಣೆಯಾದಳು. ಮ್ಯಾಸ್ಕೆಲ್ ತನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ ಕ್ಯಾಥಿಯ ಹೆಣ ತೋರಿಸಿದ, ಬಾಯಿಬಿಟ್ಟರೆ ಏನಾಗುತ್ತದೆ ನೋಡು ಅಂದ ಅನ್ನುವುದು ಜೀನ್‌ಳ ಹೇಳಿಕೆ. ಹುಳು ಹತ್ತಿದ ಮುಖವನ್ನು ತಾನು ಕೈಯಿಂದ ಒರೆಸಲು ನೋಡಿದೆ ಅನ್ನುತ್ತಾಳೆ.

ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ. "ಹೆದರಿಸಿದನಂತೆ" ಅಂದೆ. ಅನುವಾದಕಿಯ ಮೋಸ. ಆದರೆ ಅಮ್ಮನ ಕಣ್ಣು ಜೀನ್‌ಳ ಕೈಬೆರಳುಗಳ ಮೇಲಿತ್ತು. "ಹೆದರಿಸಿದ್ದು ಅಷ್ಟೇ ಅಲ್ಲ ಬಿಡು" ಅಂದಳು.

'ನೋಯಿಸುತ್ತಿದ್ದಾರಾ' ಅನ್ನುವ ಪದಕ್ಕೆ ನಾನು ಆ ರಾತ್ರಿ ಬಹಳ ಹೊತ್ತು ಜೋತುಬಿದ್ದಿದ್ದೆ. ಮಗುವಿಗೆ ಪದ ಗೊತ್ತಿರುವುದಿಲ್ಲ. ಯಾರಾದರೂ ದೊಡ್ಡವರು ತೀರಾ ಸಾಮಾನ್ಯದ ಒಂದು ಪದ ಕೊಟ್ಟರೆ ತಲೆಯಾಡಿಸಿದರೆ ಸಾಕಾಗುತ್ತದೆ. ನಮ್ಮ ಹಾಸ್ಟೆಲಿನಲ್ಲಿ ಅರವತ್ತು ಮಕ್ಕಳಿದ್ದೆವು. ಕೇಳಿದವರು ಯಾರೂ ಇಲ್ಲ. ಕೇಳದಿದ್ದರೆ ಬೇಡ, ಬರೆಯುವುದಕ್ಕೂ ದಾರಿಯಿರಲಿಲ್ಲ. ತಿಂಗಳಿಗೆರಡು ಇನ್‌ಲ್ಯಾಂಡ್ ಲೆಟರು, ಅಂಟಿಸದೆ ಆಫೀಸಿಗೆ ಕೊಡಬೇಕು. ಓದಿ ಅಂಟಿಸುತ್ತಿದ್ದವರು ಅದೇ ಮೇಷ್ಟ್ರು. 'ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ' ಅಂತ ನಾನು ಮೂರು ವರ್ಷ ಬರೆದೆ.

ಮುಂದಿನ ಕಂತಿಗೆ ನಾಲ್ಕು ದಿನ ಕೈ ಹೋಗಲಿಲ್ಲ. ಅಮ್ಮನೇ ಶನಿವಾರ, "ಆ ಸಿಸ್ಟರ್ ಕಥೆ ಎಲ್ಲಿಗೆ ಬಂತು?" ಅಂದಳು.

ಜೀನ್‌ಗೆ ಇದೆಲ್ಲ ಮತ್ತೆ ನೆನಪಾಗಲು ಶುರುವಾದದ್ದು 1992ರಲ್ಲಿ, ಮದುವೆಯಾಗಿ ಮಕ್ಕಳಾದ ಮೇಲೆ. ಅವಳ ಒಡಹುಟ್ಟಿದವರು ಅವಳ ಹೆಸರು ಹೇಳದೆ ಆ ಶಾಲೆಯ ಹಳೇ ವಿದ್ಯಾರ್ಥಿನಿಯರಿಗೆ ಪತ್ರ ಹಾಕಿದರು: ನಿಮಗೇನಾದರೂ ಇಂಥದ್ದು ಗೊತ್ತೇ? ಉತ್ತರಗಳು ಬಂದವು. 1994ರಲ್ಲಿ ಜೀನ್ ಮತ್ತು ಟೆರೆಸಾ ಲ್ಯಾಂಕಾಸ್ಟರ್ ಹೆಸರು ಮುಚ್ಚಿಟ್ಟುಕೊಂಡು ದಾವೆ ಹೂಡಿದರು. ಬಾಲ್ಟಿಮೋರ್ ಇರುವ ಮೇರಿಲ್ಯಾಂಡ್ ರಾಜ್ಯದ ಕಾನೂನಿನ ಪ್ರಕಾರ ಪ್ರಾಪ್ತ ವಯಸ್ಸಾದ ಮೂರು ವರ್ಷದೊಳಗೆ ಬರಬೇಕಿತ್ತು. ಮರೆತಿದ್ದೆವು, ಈಗ ನೆನಪಾಯಿತು ಅಂದರೆ ಕೋರ್ಟು ಒಪ್ಪಲಿಲ್ಲ. ನಡೆದಿದೆಯೋ ಇಲ್ಲವೋ ಅನ್ನುವ ಪ್ರಶ್ನೆಗೆ ಹೋಗುವ ಮೊದಲೇ, ತಡವಾಯಿತು ಅಂತ ಬಾಗಿಲು ಹಾಕಿತು. ಮೇಲ್ಮನವಿಯೂ 1996ರಲ್ಲಿ ಬಿದ್ದುಹೋಯಿತು. ಅಷ್ಟರಲ್ಲಿ ಮ್ಯಾಸ್ಕೆಲ್ ಐರ್ಲೆಂಡಿಗೆ ಹೋಗಿಬಿಟ್ಟಿದ್ದ. 2001ರಲ್ಲಿ ಸತ್ತ.

"ಇಷ್ಟು ದೊಡ್ಡದನ್ನ ಮರೆಯೋಕೆ ಆಗತ್ತಾ?" ಅಮ್ಮ ಕೇಳಿದಳು. ವಕೀಲರು ಕೇಳಿದ್ದೂ ಅದನ್ನೇ. ಮನಸ್ಸಿನ ಡಾಕ್ಟರುಗಳೂ ಅದರ ಬಗ್ಗೆ ಇವತ್ತಿಗೂ ಒಮ್ಮತಕ್ಕೆ ಬಂದಿಲ್ಲ. ನನಗೆ ಉತ್ತರ ಕೊಡಲು ಗೊತ್ತಾಗಲಿಲ್ಲ. "ಮರೆತಿರಲ್ಲ, ಆದರೆ ಆ ಕಡೆ ತಿರುಗಿ ನೋಡಿರಲ್ಲ" ಅಂತ ಏನೋ ಅಂದೆ.

ಅಮ್ಮ ಐಸ್ ಪ್ಯಾಕನ್ನು ಮಂಡಿಯ ಈ ಬದಿಯಿಂದ ಆ ಬದಿಗೆ ಸರಿಸಿದಳು. ಟೀವಿ ಕಡೆ ನೋಡುತ್ತಲೇ ಹೇಳಿದಳು: "ನೀನು ದಸರಾ ರಜ ಮುಗಿಸಿ ಹೋಗುವಾಗ ಬಸ್ ಸ್ಟ್ಯಾಂಡಲ್ಲಿ ಕಂಬ ಹಿಡ್ಕೊಂಡುಬಿಟ್ಟಿದ್ದೆ. ಬಸ್ಸು ಹಾರ್ನ್ ಹೊಡೀತಿದೆ. ಕಂಡಕ್ಟರು ಬೈತಿದಾನೆ. ನಿನ್ನ ಬೆರಳು ಒಂದೊಂದೇ ಬಿಡಿಸಿದೆ ನಾನು. ಕಿರುಬೆರಳು ಬಿಡಿಸಿದರೆ ಹೆಬ್ಬೆರಳು ಹಿಡ್ಕೊಳೋದು."

ನನಗೆ ಅದು ನೆನಪೇ ಇರಲಿಲ್ಲ. ಕಂಬ ನೆನಪಿಲ್ಲ, ಬಸ್ಸಿನಲ್ಲಿ ಎಡಗಡೆ ಕಿಟಕಿ ನೆನಪಿದೆ, ಕೊಬ್ಬರಿಮಿಠಾಯಿ ಕಟ್ಟಿದ್ದ ಪೇಪರಿನ ಎಣ್ಣೆ ಕಲೆ ನೆನಪಿದೆ. ಅಂದರೆ ನನ್ನ ನೆನಪನ್ನು ಅಮ್ಮ ಇಟ್ಟುಕೊಂಡಿದ್ದಳು.

"ಮಕ್ಕಳು ಅಂದ್ರೆ ಅಳ್ತಾವೆ ಅನ್ಕೊಂಡೆ" ಅಂದಳು. ಆಮೇಲೆ, "ಮುಂದಕ್ಕೆ ಹಾಕು."

ಹಾಕಿದೆ. ಮ್ಯಾಸ್ಕೆಲ್ ಒಂದಷ್ಟು ಕಾಗದಪತ್ರಗಳನ್ನು ಸ್ಮಶಾನದಲ್ಲಿ ಹೂಳಿಸಿದ್ದು, ಪೊಲೀಸರು 1994ರಲ್ಲಿ ಅದನ್ನು ಅಗೆಸಿದ್ದು ಎಲ್ಲ ಆ ಕಂತಿನಲ್ಲಿದೆ. ನಾನು ಅನುವಾದ ಮಾಡಿದೆನಂತೆ. ಏನು ಹೇಳಿದೆನೋ ದೇವರಿಗೇ ಗೊತ್ತು.

ಐದನೇ ಕಂತು ನನಗೆ ಹಿಡಿಸಲಿಲ್ಲ. ಕೊಂದವನು ಇವನಿರಬಹುದೇ, ಅವನಿರಬಹುದೇ ಅಂತ ಅನುಮಾನದವರ ಮನೆಗಳ ಸುತ್ತ ಸುತ್ತಿಸುತ್ತದೆ. ಕುತೂಹಲಕ್ಕೇನೋ ಚೆನ್ನಾಗಿದೆ, ಆದರೆ ಅಷ್ಟು ಹೊತ್ತು ಕಷ್ಟಪಟ್ಟು ಮಾತಾಡಿದ ಹೆಂಗಸರು ಹಿಂದಕ್ಕೆ ಸರಿದುಬಿಡುತ್ತಾರೆ. ಅಮ್ಮನಿಗೆ ಮಾತ್ರ ಆ ಕಂತೇ ಎಲ್ಲಕ್ಕಿಂತ ಇಷ್ಟವಾಯಿತು, ಅದು ಬೇರೆ ಮಾತು. ನಿರ್ದೇಶಕ ರಯಾನ್ ವೈಟ್ ಮನೆಯವರೊಬ್ಬರು ಅದೇ ಶಾಲೆಯಲ್ಲಿ ಓದಿದವರಂತೆ. ಆ ಹೆಂಗಸರ ಮಾತನ್ನು ಎಲ್ಲೂ ಅರ್ಧಕ್ಕೆ ತುಂಡು ಮಾಡದೆ ಬಿಟ್ಟಿರುವುದಕ್ಕೆ ಅದೂ ಕಾರಣವಿರಬಹುದು.

ಕೊನೆಯ ಎರಡು ಕಂತು ಒಂದೇ ದಿನ ಮುಗಿಸಿದೆವು, ಭಾನುವಾರ, ಮಧ್ಯೆ ಒಂದು ಸಲ ಕಾಫಿ. ಟೆರೆಸಾ ಲ್ಯಾಂಕಾಸ್ಟರ್ ಆಮೇಲೆ ತಾನೇ ವಕೀಲೆಯಾದಳು ಅಂತ ಹೇಳಿದಾಗ ಅಮ್ಮ ಚಪ್ಪಾಳೆ ತಟ್ಟಿದಳು. ಕಾಲಮಿತಿಯ ಕಾನೂನು ಬದಲಾಯಿಸಿ ಅಂತ ಶಾಸನಸಭೆಗೆ ಹೋಗಿ ಮತ್ತೆ ಮತ್ತೆ ಸಾಕ್ಷಿ ಹೇಳುವುದನ್ನು ತೋರಿಸುತ್ತಾರೆ. ಬೇಡ ಅನ್ನುವವರು ಮೈಮೇಲೆ ಒಳ್ಳೆ ಸೂಟು ಹಾಕಿಕೊಂಡು, ನಯವಾಗಿ, ಸಾಂತ್ವನದ ಮಾತು ಹೇಳುತ್ತಲೇ ಬೇಡ ಅನ್ನುತ್ತಾರೆ.

"ಕೊನೆಗೆ ಶಿಕ್ಷೆ ಆಯ್ತಾ?"

ಆಗಲಿಲ್ಲ ಅಂದೆ. 2017ರಲ್ಲಿ ಮ್ಯಾಸ್ಕೆಲ್‌ನ ಗೋರಿ ತೆಗೆದು ಡಿಎನ್‌ಎ ಪರೀಕ್ಷೆ ಮಾಡಿದರು, ಕೊಲೆಯ ಸ್ಥಳದಲ್ಲಿ ಸಿಕ್ಕಿದ್ದಕ್ಕೆ ಹೊಂದಲಿಲ್ಲ. ಸರಣಿ ಬಂದ ಮಾರನೇ ತಿಂಗಳೇ, ಬೇರೊಂದರ ಜೊತೆ ಸೇರಿಹೋಗಿದ್ದ ಆ ಶಾಲೆಯೂ ಮುಚ್ಚಿತು. ಅದು ಮೊದಲೇ ಗೊತ್ತಾದ ತೀರ್ಮಾನ. ಸರಣಿ ಅಲ್ಲಿಗೆ ನಿಂತರೂ ಊರು ನಿಲ್ಲಲಿಲ್ಲ. ಅದನ್ನು ನಾನು ಫೋನಿನಲ್ಲಿ ಹುಡುಕಿ ಅಮ್ಮನಿಗೆ ಓದಿ ಹೇಳಿದೆ. 2023ರ ಏಪ್ರಿಲ್‌ನಲ್ಲಿ ಮೇರಿಲ್ಯಾಂಡಿನ ಅಟಾರ್ನಿ ಜನರಲ್ ನಾನೂರಕ್ಕೂ ಹೆಚ್ಚು ಪುಟದ ವರದಿ ಕೊಟ್ಟರು: ಬಾಲ್ಟಿಮೋರ್ ಧರ್ಮಪ್ರಾಂತ್ಯ, ಅಂದರೆ ಅಲ್ಲಿನ ಕ್ಯಾಥೊಲಿಕ್ ಚರ್ಚುಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ, ಅದೊಂದರಲ್ಲೇ 156 ಮಂದಿ ಆರೋಪಿಗಳು, 600ಕ್ಕಿಂತ ಹೆಚ್ಚು ಮಕ್ಕಳು. ಅದೇ ತಿಂಗಳು ಹೊಸ ಕಾನೂನು ಬಂತು, ಇಂಥ ದಾವೆಗೆ ಇನ್ನು ಕಾಲಮಿತಿಯೇ ಇಲ್ಲ, ಅಕ್ಟೋಬರ್ 1ರಿಂದ ಜಾರಿ. ಸೆಪ್ಟೆಂಬರ್ 29ಕ್ಕೆ ಧರ್ಮಪ್ರಾಂತ್ಯ ದಿವಾಳಿ ಅರ್ಜಿ ಹಾಕಿತು.

"ಎರಡು ದಿನ ಮುಂಚೆ?" ಅಮ್ಮ ಜೋರಾಗಿ ನಕ್ಕಳು. "ನಿಮ್ಮಪ್ಪನ ಮಂಡಿ ಸಾಹುಕಾರರು ಹೀಗೇ ಪಾಪರ್ ಚೀಟಿ ತಗೊಂಡಿದ್ದು. ರೈತರು ಬಾಕಿ ಕೇಳೋಕೆ ಬರ್ತಾರೆ ಅಂತ ಗೊತ್ತಾದ ಹಿಂದಿನ ವಾರ."

ನಮ್ಮಲ್ಲಿ ಹೇಗೆ ಅಂತಲೂ ಹುಡುಕಿದೆ. 2012ರ ಪೋಕ್ಸೊ ಕಾಯ್ದೆ ಪ್ರಕಾರ ಗೊತ್ತಿದ್ದೂ ಪೊಲೀಸರಿಗೆ ಹೇಳದೆ ಇರುವುದೇ ಅಪರಾಧ. ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಜೈಲು. ಓದಿ ನಮ್ಮ ಹೆಡ್ ಮೇಡಂ ನೆನಪಾದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಆ ಮೇಷ್ಟ್ರೂ ಇಲ್ಲ. ಊರಲ್ಲಿ ಸನ್ಮಾನ ಮಾಡಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ನಿವೃತ್ತಿ ಮಾಡಿಸಿದ್ದರು ಅಂತ ಯಾರೋ ಹೇಳಿದ್ದರು.

ಎಲ್ಲ ಮುಗಿಸಿ ಟೀವಿ ಆರಿಸಿದ ಮೇಲೆ ಅಮ್ಮ ಕೇಳಿದ್ದು ನನ್ನ ಬಗ್ಗೆ ಅಲ್ಲ.

"ನಿನ್ನ ಜೊತೆ ಒಂದು ಹುಡುಗಿ ಇತ್ತಲ್ಲೇ. ಒಂದು ಸಲ ದೀಪಾವಳಿಗೆ ನಮ್ಮನೆಗೆ ಬಂದಿತ್ತು. ಕಜ್ಜಾಯ ಅಂದ್ರೆ ಪ್ರಾಣ. ಆಮೇಲೆ ಮಧ್ಯದಲ್ಲಿ ಹೊಟ್ಟೆನೋವು ಅಂತ ಹಾಸ್ಟೆಲ್ ಬಿಟ್ಟುಹೋಯ್ತು ಅಂದಿದ್ದೆ."

ಹೌದು. ಆರನೇ ಕ್ಲಾಸಿನ ಜನವರಿ. ಅವಳು ಬಿಂದಿಗೆ ಒಯ್ಯದ ದಿನ. ಟ್ರಂಕು ಹೊತ್ತು ಅವಳಪ್ಪ ಗೇಟಿನ ಹತ್ತಿರ ನಿಂತಿದ್ದರು, ಅವಳು ನಮ್ಮ ಕಡೆ ತಿರುಗಿ ನೋಡಲಿಲ್ಲ. ಹೊಟ್ಟೆನೋವು ಅಂತ ನಮಗೆ ಹೇಳಿದರು, ಹೊಟ್ಟೆನೋವು ಅಂತ ನಾವೂ ಹೇಳಿದೆವು.

ನಂಬರು ಸಿಗಲು ಎರಡು ವಾರ ಬೇಕಾಯಿತು, ನಾಲ್ಕು ಜನರನ್ನು ದಾಟಿ. ತಿಪಟೂರಿನ ಹತ್ತಿರ ಹಳ್ಳಿಯಲ್ಲಿದ್ದಾಳೆ, ಗಂಡನದು ತೋಟ. ಫೋನ್ ಮಾಡುವ ಮೊದಲು ಏನೇನು ಕೇಳಬೇಕು ಅಂತ ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡೆ. ಕ್ಯಾಥಿಯ ಹಾಗೆ ಒಂದು ಸರಳ ಪದ. ಆ ಕಡೆಯಿಂದ "ಅಯ್ಯೋ, ನೀನಾ!" ಅಂತ ಕೇಳಿದ್ದೇ ತಡ, ನಲವತ್ತು ನಿಮಿಷ ತೆಂಗಿಗೆ ಬಿದ್ದ ನುಸಿರೋಗ, ಮಗನ ಡಿಪ್ಲೊಮಾ, ನನ್ನ ಬಿಳಿಕೂದಲು, ಅವಳ ಥೈರಾಯ್ಡು. ಹಾಸ್ಟೆಲಿನ ಸುದ್ದಿ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಇಡುವ ಮುಂಚೆ, "ನಿಮ್ಮಮ್ಮ ಕಜ್ಜಾಯ ಕಟ್ಟಿಕೊಟ್ಟಿದ್ರು, ನೆನಪಿದ್ಯಾ? ಟ್ರಂಕಲ್ಲಿಟ್ಟಿದ್ದೆ. ಮನೆಗೆ ಹೋದಮೇಲೂ ಇತ್ತು" ಅಂದಳು. ಆಮೇಲೆ ಒಂದೆರಡು ಸೆಕೆಂಡು ಎರಡು ಕಡೆಯೂ ಬರೀ ಉಸಿರು. ಅವಳೇ, "ಇಡ್ತೀನಿ ಕಣೇ, ಹಾಲು ಉಕ್ಕತ್ತೆ" ಅಂದಳು.

ಅಮ್ಮ ಪಕ್ಕದ ರೂಮಿನಿಂದ ವಾಕರ್ ಹಿಡಿದುಕೊಂಡು ಬಾಗಿಲವರೆಗೂ ಬಂದು ನಿಂತಿದ್ದಳು.

"ಕೇಳಿದ್ಯಾ?"

"ಇಲ್ಲ."

"ಇರಲಿ. ಮುಂದಿನ ವಾರ ಮತ್ತೆ ಮಾಡು. ಕೇಳೋಕೆ ಹೋಗ್ಬೇಡ, ಮಾಡ್ತಾ ಇರು." ಒಂದು ಹೆಜ್ಜೆ ಮುಂದಿಟ್ಟು ನಿಂತಳು. "ನಿಂದೂ ಅಷ್ಟೇ. ನಾನಿನ್ನೂ ಮೂರು ವಾರ ಇರ್ತೀನಲ್ಲ."

ನಾನು ಫ್ರಿಜ್ಜಿನಿಂದ ಐಸ್ ಪ್ಯಾಕ್ ತರಲು ಒಳಗೆ ಹೋದೆ.